ನಾಲ್ಕು ನೂರರ ಗೆರೆ

ಸದಾಶಿವನಿಗೆ ಉಚ್ಚೆ ಕಂಡರಾಗುತ್ತಿರಲಿಲ್ಲ. ರಕ್ತ ನಡೆಯುತ್ತಿತ್ತು. ಕೀವು, ಹಲ್ಲು ಕಚ್ಚಿಕೊಂಡರೆ ನಡೆಯುತ್ತಿತ್ತು. ವಾಂತಿಯನ್ನು ಏನಾದರೊಂದು ನೆಪ ಹೇಳಿ ಬೇರೆಯವರ ಕೈಗೆ ದಾಟಿಸುತ್ತಿದ್ದ. ಆದರೆ ಉಚ್ಚೆಯ ಡಬ್ಬಿ ಕಣ್ಣಿಗೆ ಬಿದ್ದರೆ ಸಾಕು, ಮುಂಜಾನೆ ತಿಂದ ಅವಲಕ್ಕಿ ಗಂಟಲ ಬಾಗಿಲಿಗೆ ಬಂದು ‘ಹೊರಗೆ ಬರಲೇ?’ ಎಂದು ಕೇಳುತ್ತಿತ್ತು. ಇಂಥವನು ನಾಲ್ಕು ವರ್ಷ ನರ್ಸಿಂಗ್ ಓದಿ, ಗೋಕಾಕದಿಂದ ಘಟಪ್ರಭಾಕ್ಕೆ ಹೋಗುವ ರಸ್ತೆಯ ಬದಿಯಲ್ಲಿದ್ದ ಇಪ್ಪತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಬ್ರದರ್ ಆಗಿ ಸೇರಿದ್ದಕ್ಕೆ ಕಾರಣ ಒಂದೇ: ಹುಕ್ಕೇರಿಯಲ್ಲಿದ್ದ ಅವನ ಅಪ್ಪನಿಗೆ ಬಿಳಿ ಅಂಗಿಯ ನೌಕರಿ ಎಂದರೆ ಪ್ರಾಣ. ಬಿಳಿ ಅಂಗಿಯ ಮೇಲೆ ಏನೇನು ಬೀಳುತ್ತದೆ ಎಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಕಾಲೇಜಿನ ಗೆಳೆಯರು ಇವನಿಗೆ ‘ಸದಾಛೀವ’ ಎಂದು ನಾಮಕರಣ ಮಾಡಿದ್ದರು. ಹೆಸರಿಗೆ ಮೋಸವಾಗದಂತೆ ಅವನು ದಿನಕ್ಕೆ ನೂರೆಂಟು ಸಲ ಛೀ ಎನ್ನುತ್ತಿದ್ದ. ಅದನ್ನು ಮುಚ್ಚಿಕೊಳ್ಳಲಿಕ್ಕೋ ಏನೋ, ಮಂದಿಯ ದನಿ ತೆಗೆದು ನಗಿಸುವುದನ್ನು ಕಲಿತಿದ್ದ. ಮೂಡಲಗಿ ಬಸ್ಸಿನ ಕಂಡಕ್ಟರು ‘ಕಲ್ಲೋಳಿ ಯಾರ್ರಿ ಕಲ್ಲೋಳಿ’ ಎನ್ನುವುದು, ಎಕ್ಸ್‌ರೇ ಕೋಣೆಯ ಲಕ್ಷ್ಮಣ ಉಸಿರು ಹಿಡಿಯಲು ಹೇಳಿ ಬಿಡಲು ಹೇಳುವುದನ್ನೇ ಮರೆಯುವುದು, ಡಾಕ್ಟರ್ ಗುಲ್ನಾಜ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ‘ಯಾರ ಬರದಾರ ಇದನ್ನ?’ ಎಂದು ಕೇಳುವುದು, ಎಲ್ಲವೂ ಅವನ ಗಂಟಲಲ್ಲಿ ಇದ್ದವು. ರೋಗಿಗಳು ಹೊಲಿಗೆ ಬಿಚ್ಚುವ ಹಾಗೆ ನಗುತ್ತಿದ್ದರು. ಒಬ್ಬನಿಗೆ ನಿಜಕ್ಕೂ ಬಿಚ್ಚಿತ್ತು.

ಸೋಮವಾರ ಮುಂಜಾನೆ ಮಮದಾಪುರದ ಸಿದ್ರಾಯನನ್ನು ಅವನ ತಾಯಿ ಫಕೀರವ್ವ ಟಂಟಂ ಗಾಡಿಯಲ್ಲಿ ಕರೆತಂದಳು. ಮೂವತ್ತೈದರ ಆಳು, ಕಪ್ಪು ಕಂಬಳಿಯೊಳಗೆ ನಡುಗುತ್ತಿದ್ದ. ಕುರಿ ಹಿಂಡು ಹೊಡೆದುಕೊಂಡು ಕೊಂಕಣದ ಕಡೆ ಹೋಗಿ, ಕೊಯ್ಲಾದ ಗದ್ದೆಗಳಲ್ಲಿ ಹಿಂಡು ಕೂರಿಸಿ ಎರಡು ತಿಂಗಳು ಇದ್ದು ಬಂದಿದ್ದ. ಬರುವಾಗ ಕುರಿಗಳ ಜೊತೆಗೆ ಜ್ವರವನ್ನೂ ಹೊಡೆದುಕೊಂಡು ಬಂದಿದ್ದ. ರಕ್ತ ನೋಡಿದ್ದೇ ತಡ, ಮಲೇರಿಯಾ ಎಂದು ಗೊತ್ತಾಯಿತು. ಅದೂ ಸಣ್ಣದಲ್ಲ, ಕೆಟ್ಟ ಜಾತಿಯದು.

“ಇಷ್ಟ ದಿನಾ ಏನ ಮಾಡಿದ್ರಿ?” ಎಂದು ಗುಲ್ನಾಜ ಕೇಳಿದರು.

“ಸೂಜಿ ಮಾಡಕೊಂಡಾನ್ರಿ,” ಎಂದಳು ಫಕೀರವ್ವ, ಮಗನ ಶಾಣ್ಯಾತನಕ್ಕೆ ಹೆಮ್ಮೆಪಡುತ್ತ. “ಮೈಕೈ ನೋವಿಗೆ ಮೂರ ದಿನಾ, ದಿನಕ್ಕೆರಡ.”

“ಯಾವ ಡಾಕ್ಟರ್ ಕಡೆ?”

“ಡಾಕ್ಟರ್ ಯಾಕ ಬೇಕ್ರಿ? ಕುರಿಗೆ ನಾವ ಮಾಡೂದಿಲ್ಲೇನ? ಅದ ಬಾಟಲಿ, ಅದ ಸೂಜಿ. ಕುರಿಗೆ ತಾಕತ್ತಿದ್ದಷ್ಟ ಮನಷ್ಯಾಗ ಬ್ಯಾಡಂತ ಅರ್ಧಾನ ಮಾಡ್ಯಾನ.”

ಸದಾಶಿವನ ಮುಖ ಹುಳಿ ಮಜ್ಜಿಗೆಯಾಯಿತು. ಟಗರಿನ ತೊಡೆಯಿಂದ ತೆಗೆದ ಸೂಜಿ ಮಾಲೀಕನ ತೊಡೆಗೆ! ಛೀ. ಗುಲ್ನಾಜ ಮಾತ್ರ ಛೀ ಎನ್ನಲಿಲ್ಲ. ಆಮೇಲೆ ಸದಾಶಿವನನ್ನು ಹೊರಸಾಲಿಗೆ ಕರೆದರು.

“ಕೇಳ್ರಿಲ್ಲೆ. ಮಲೇರಿಯಾ ಹುಳಾ ರಕ್ತದ ಕಣಾ ಒಡದ ಹಾಕತೈತಿ. ಒಡದ ಕಣದ ಕೆಂಪು ಹೋಗಿ ಕಿಡ್ನಿಯೊಳಗ ತುಕ್ಕ ಹಿಡದಂಗ ಕೂಡತೈತಿ. ಅದರ ಮ್ಯಾಲ ಈ ನೋವಿನ ಸೂಜಿ ಬ್ಯಾರೆ. ಅದು ಕಿಡ್ನಿಗೆ ಹೊಡತಾನ. ಈಗ ಹುಳಾ ಸಾಯಾಕ ಇಂಜೆಕ್ಷನ್ ಶುರು ಮಾಡೀನಿ. ಜ್ವರ ಇರಲಿ ಬಿಡಲಿ, ಆರ ತಾಸಿಗೊಮ್ಮೆ ಪ್ಯಾರಾಸಿಟಮಾಲ್ ಕೊಡ್ರಿ. ಆ ತುಕ್ಕಿನ ಕಾಟಾ ಅದು ಕಡಿಮಿ ಮಾಡಬಹುದಂತ ಹೊಸಾ ಸಂಶೋಧನೆಗೋಳ ಹೇಳಾಕತ್ತಾವ. ಲಿವರ್ ನಾನ ನೋಡಕೋತೇನಿ. ಬ್ಯಾರೆ ನೋವಿನ ಗುಳಿಗಿ ಒಂದೂ ಒಳಗ ಬರಬಾರದು.”

“ಆತ್ರಿ ಮೇಡಮ್.”

“ಮುಖ್ಯ ಮಾತ ಇನ್ನ ಐತಿ. ಉಚ್ಚಿ ಅಳೀಬೇಕು. ಪ್ರತಿ ಹನಿ. ಎಷ್ಟ ಹೊರಗ ಬರತೈತಿ ನೋಡಿ ಅಷ್ಟ ಸಲೈನ್ ಬಿಡಾಕಿ ನಾನು. ದಿನಕ್ಕ ನಾಲ್ಕನೂರ ಎಮ್ಮೆಲ್ಲಿಗಿಂತ ಕಡಿಮಿ ಆತಂದ್ರ ಇಲ್ಲಿ ಇಟ್ಟಕೊಳ್ಳಂಗಿಲ್ಲ, ಬೆಳಗಾವಿಗೆ ಕಳಸಬೇಕು, ಡಯಾಲಿಸಿಸ್‌ಗೆ. ತಡಾ ಆತಂದ್ರ…”

ಉಚ್ಚೆಯ ದಾರಿಗೆ ಕ್ಯಾಥೆಟರ್ ನಳಿಗೆ ಹಾಕಿಬಿಡೋಣ ಎಂದರೆ ಸಿದ್ರಾಯ ಜ್ವರದಲ್ಲೂ ಎದ್ದು ಕುಳಿತು ಎರಡೂ ಕೈಯಿಂದ ತನ್ನ ಮಾನ ಮುಚ್ಚಿಕೊಂಡ. ಕೊನೆಗೆ ಡಬ್ಬಿಯಲ್ಲೇ ಮಾಡಲಿ, ಆದರೆ ಸದಾಶಿವ ಸ್ವತಃ ನೋಡಿ, ಅಳೆದು, ಬಣ್ಣವನ್ನೂ ಬರೆಯಬೇಕು ಎಂದಾಯಿತು.

ಮೊದಲ ಸಲ ಡಬ್ಬಿ ಎತ್ತಿದ. ಒಳಗೆ ಚಹಾದಂಗಡಿಯಲ್ಲಿ ಸಂಜೆಯತನಕ ಕುದಿಸಿದ ಚಹಾಪುಡಿಯ ನೀರಿನಂಥದ್ದು, ಮೇಲೆ ನೊರೆ, ಹಬೆ. ಅದನ್ನು ಅಳತೆಯ ಜಗ್ಗಿಗೆ ಸುರಿಯುವಾಗ ಒಂದು ಹನಿ ಮಣಿಕಟ್ಟಿಗೆ ಸಿಡಿಯಿತು. ಸದಾಶಿವ ಸಂಡಾಸಕ್ಕೆ ಓಡಿ ಅವಲಕ್ಕಿಯನ್ನು ಹೊರಗೆ ಬಿಟ್ಟ. ಸಾಬೂನಿನಲ್ಲಿ ಏಳು ಸಲ ಕೈ ತೊಳೆದ. ಎಂಟನೆಯ ಸಲಕ್ಕೆ ಒಂದು ಉಪಾಯ ಹೊಳೆಯಿತು.

ಜೇಬಿನ ಕೆಂಪು ಮಾರ್ಕರ್ ತೆಗೆದು, ಪ್ಲಾಸ್ಟಿಕ್ ಜಗ್ಗಿನ ಹೊರಮೈಗೆ ನಾಲ್ಕು ನೂರರ ಅಂಕಿಯ ಎದುರು ದಪ್ಪಗೆ ಗೆರೆ ಎಳೆದ. ದಿನಕ್ಕೆ ಬೇಕಾದದ್ದು ನಾಲ್ಕು ನೂರಾದರೆ ಒಂದೊಂದು ಪಾಳಿಗೇ ಅಷ್ಟು ಬಂದರೆ ಇನ್ನೂ ಒಳ್ಳೆಯದೇ ಅಲ್ಲವೇ ಎಂಬುದು ಅವನ ಲೆಕ್ಕ. ಜಗ್ಗನ್ನು ಫಕೀರವ್ವನ ಕೈಗೆ ಕೊಟ್ಟ.

“ಆಯಿ, ನಿನ್ನ ಮಗಾ ಮಾಡಿದ್ದನ್ನ ಇದರಾಗ ಕೂಡಿಸಿ ಇಡು. ಪಾಳಿ ಬದಲಾಗೂ ಮುಂದ ನಾ ಬಂದ ನೋಡತೇನಿ. ಈ ಗೆರಿ ಮುಟ್ಟಬೇಕ ನೋಡು.”

“ಮುಟ್ಟಲಿಲ್ಲಂದ್ರ ಯಪ್ಪಾ?”

“ಮುಟ್ಟಲಿಲ್ಲಂದ್ರ ಬೆಳಗಾವಿ,” ಎಂದ ಸದಾಶಿವ, ಕಂಡಕ್ಟರನ ದನಿ ತೆಗೆದು. “ಬೆಳಗಾವಿ ಯಾರ್ರಿ, ಬೆಳಗಾವೀ!”

ಪಕ್ಕದ ಹಾಸಿಗೆಯವರು ನಕ್ಕರು. ಫಕೀರವ್ವ ನಗಲಿಲ್ಲ. ಎರಡು ವರ್ಷದ ಹಿಂದೆ ಅವಳ ಗಂಡನ ಕಿಡ್ನಿ ಹೋದಾಗ ಬೆಳಗಾವಿಗೇ ಕರೆದೊಯ್ದಿದ್ದರು. ಹೋಗುವಾಗ ಗಾಡಿ ಕೂಗುತ್ತ ಹೋಗಿತ್ತು. ಬರುವಾಗ ಸುಮ್ಮನೆ ಬಂದಿತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿದಳು.

ಅಂದಿನಿಂದ ಎಲ್ಲವೂ ಸಲೀಸಾಯಿತು. ಪಾಳಿ ಮುಗಿಯುವ ಹೊತ್ತಿಗೆ ಮಂಚದ ಕೆಳಗೆ, ಮೇಲೊಂದು ಹಳೆಯ ಪೇಪರು ಮುಚ್ಚಿದ ಜಗ್ಗು. ಸದಾಶಿವ ಕರ್ಚೀಫಿನಿಂದ ಮೂಗು ಹಿಡಿದು, ಮೂರು ಮಾರು ದೂರ ನಿಂತು, “ಮುಟ್ಟೇತೇನ ಆಯಿ?” ಎನ್ನುವನು. ಫಕೀರವ್ವ ಪೇಪರು ಸರಿಸಿ, “ಮುಟ್ಟೇತಿ ತಮ್ಮಾ,” ಎನ್ನುವಳು. ಅವನು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಸ್ವಲ್ಪವೇ ತೆರೆದು, ಗೆರೆಯ ಮಟ್ಟಕ್ಕೆ ಏನೋ ಇರುವುದನ್ನು ಕಂಡು, ಚಾರ್ಟಿನಲ್ಲಿ ನಾಲ್ಕು ನೂರು ಎಂದು ಬರೆಯುವನು. ಬಣ್ಣದ ಸಾಲಿನಲ್ಲಿ ಏನು ಬರೆಯುವುದು? ‘ಸುಧಾರಣೆ ಇದೆ’ ಎಂದು ಬರೆದ. ರಾತ್ರಿ ಪಾಳಿಯ ಶೋಭಾ ಸಿಸ್ಟರ್‌ಗೂ ಈ ಏರ್ಪಾಡು ಹಿಡಿಸಿತು. ಅವಳೂ ಗೆರೆ ಕೇಳಿಯೇ ಬರೆದಳು.

ಮಂಗಳವಾರ ಜ್ವರ ಇಳಿದಿತ್ತು. ಗುಳಿಗೆ ಕೊಡಲು ಹೋದರೆ ಸಿದ್ರಾಯ, “ಜ್ವರಾನ ಇಲ್ಲಲ್ರಿ, ಮತ್ತ್ಯಾಕ?” ಎಂದು ತಕರಾರು ತೆಗೆದ.

“ಮಾತ್ರಿ ತೊಗೊಂಡ್ರ ಮೂತ್ರ. ಇಲ್ಲಂದ್ರ ಬರೇ ಪಿಂಡ,” ಎಂದ ಸದಾಶಿವ.

ಸಿದ್ರಾಯನಿಗೆ ಅರ್ಥವಾಗದಿದ್ದರೂ ಗುಳಿಗೆ ನುಂಗಿದ. ಅವನನ್ನು ಗೆಲುವಾಗಿಡಲು ಸದಾಶಿವ ಕುರಿ ಕೂಗಿದ. ಗಂಟಲು ನಡುಗಿಸಿ, ಕೊನೆಯಲ್ಲಿ ಮೂಗಿಗೆ ಎಳೆದು, ಬ್ಯಾ ಎಂದ. ವಾರ್ಡಿಗೆ ವಾರ್ಡೇ ತಲೆ ಎತ್ತಿತು.

ಸಿದ್ರಾಯ ಪರೀಕ್ಷೆ ತೆಗೆದುಕೊಳ್ಳುವ ಮಾಸ್ತರನ ಹಾಗೆ ಕಣ್ಣು ಕಿರಿದು ಮಾಡಿದ. “ಅದು ಕುರಿ ಅಲ್ರಿ. ಆಡು. ಕುರಿದು ಎದಿಯಿಂದ ಬರತೈತಿ. ನಿಮ್ಮದು ಬರೇ ಮೂಗಿನಿಂದ ಬಂತು.”

“ನಂದ ಎಲ್ಲಾ ಮೂಗಿನಿಂದನ ನೋಡಪಾ,” ಎಂದ ಸದಾಶಿವ, ಕರ್ಚೀಫನ್ನು ಸರಿಮಾಡಿಕೊಳ್ಳುತ್ತ.

ಬುಧವಾರ ಬ್ಯಾ ಎಂದಾಗ ಸಿದ್ರಾಯ ನಗಲಿಲ್ಲ, ತಿದ್ದಲೂ ಇಲ್ಲ. ಗೋಡೆಗೆ ಮುಖ ಮಾಡಿ ಬಿಕ್ಕಳಿಸುತ್ತಿದ್ದ. ಹಾಸಿಗೆಯ ಸುತ್ತ ಒಂದು ಕಮಟು ವಾಸನೆ. ಸದಾಶಿವ ಅದನ್ನು ಜಗ್ಗಿನದೆಂದುಕೊಂಡು ಇನ್ನೊಂದು ಮಾರು ಹಿಂದೆ ಸರಿದ. ನಾಲ್ಕು ನೂರು ಎಂದು ಬರೆದ. ಸಲೈನ್ ಬಾಟಲಿ ಬದಲಿಸಿದ. ಹೊರಗೆ ಅಷ್ಟು ಹೋಗುತ್ತಿದೆ ಎಂದ ಮೇಲೆ ಒಳಗೂ ಅಷ್ಟು ಹೋಗಬೇಕಲ್ಲ.

ಗುರುವಾರ ಮುಂಜಾನೆ ನರ್ಸುಗಳ ಕೋಣೆಯಲ್ಲಿ ಚಹಾದ ಹೊತ್ತು. ಸದಾಶಿವ ಶೋಭಾಳ ಕನ್ನಡಕ ಇಸಿದುಕೊಂಡು, ಮೂಗಿನ ತುದಿಗೆ ಇಳಿಸಿ, ಕುತ್ತಿಗೆ ಉದ್ದ ಮಾಡಿ, “ಯಾರ ಬರದಾರ ಇದನ್ನ?” ಎಂದ. ಲಕ್ಷ್ಮಣ ಚಹಾ ಉಗುಳುವಷ್ಟು ನಕ್ಕ.

“ಯಾರ ಬರದಾರ ಇದನ್ನ?” ಎಂದು ಹಿಂದಿನಿಂದ ಇನ್ನೊಂದು ಸಲ ಕೇಳಿಸಿತು.

ಲಕ್ಷ್ಮಣನ ನಗು ನಿಂತಿತು. ಬಾಗಿಲಲ್ಲಿ ಗುಲ್ನಾಜ ನಿಂತಿದ್ದರು. ಒಂದು ಕೈಯಲ್ಲಿ ಗೋಕಾಕದ ಲ್ಯಾಬಿನಿಂದ ಬಂದ ರಿಪೋರ್ಟು, ಇನ್ನೊಂದರಲ್ಲಿ ಸಿದ್ರಾಯನ ಚಾರ್ಟು.

“ಸೋಮವಾರ ಕ್ರಿಯೇಟಿನಿನ್ ಎರಡಿತ್ತು. ಇವತ್ತ ಆರ ದಾಟೇತಿ. ಕಿಡ್ನಿ ನಿಂತ ಹೊಂಟೇತಂತ ರಕ್ತ ಹೇಳತೈತಿ. ನಿಮ್ಮ ಚಾರ್ಟ ನೋಡಿದ್ರ, ನಾಲ್ಕನೂರು, ನಾಲ್ಕನೂರು, ನಾಲ್ಕನೂರು, ನಾಲ್ಕನೂರು. ಒಮ್ಮೆ ಮುನ್ನೂರ ತೊಂಬತ್ತಿಲ್ಲ, ಒಮ್ಮೆ ನಾಲ್ಕನೂರಾ ಇಪ್ಪತ್ತಿಲ್ಲ. ಸದಾಶಿವ, ಮನಷ್ಯಾ ಉಚ್ಚಿ ಹೊಯ್ಯಾಕತ್ತಾನೋ, ರೇಶನ್ ಅಂಗಡ್ಯಾಗ ಎಣ್ಣಿ ಅಳದ ಕೊಡಾಕತ್ತಾನೋ?”

ಸದಾಶಿವ ಕನ್ನಡಕ ತೆಗೆದ. ತೆಗೆದರೂ ಎಲ್ಲವೂ ಮಸುಕಾಗಿಯೇ ಕಂಡಿತು.

“ನೀವ ಕಣ್ಣಾರೆ ನೋಡೀರಿಲ್ಲೋ?”

“ದೂರಿಂದ ನೋಡೀನ್ರಿ.”

“ಎಷ್ಟ ದೂರಿಂದ?”

“ಮೂರ ಮಾರ್ರಿ,” ಎಂದ ಸದಾಶಿವ, ಯಾರ ದನಿಯನ್ನೂ ತೆಗೆಯದೆ.

ಇಬ್ಬರೂ ವಾರ್ಡಿಗೆ ಓಡಿದರು. ಗುಲ್ನಾಜ ಕಂಬಳಿ ಸರಿಸಿ ಸಿದ್ರಾಯನ ಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ಉಳಿಯಿತು, ನಾದಿದ ಹಿಟ್ಟಿನಲ್ಲಿ ಉಳಿದಂತೆ. ಎದೆಗೆ ಕೊಳವೆ ಇಟ್ಟು ಕೇಳಿ, ಸಲೈನ್ ಬಾಟಲಿಯ ಗಾಲಿಯನ್ನು ತಾವೇ ಮುಚ್ಚಿದರು. “ನೀರ ಎಲ್ಲಾ ಒಳಗ ತುಂಬೇತಿ. ನಾನೂ ಕಾಗದಾನ ನೋಡಿದೆ, ಇವನ ಕಾಲ ನೋಡಲಿಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಸದಾಶಿವ ಮಂಚದ ಕೆಳಗೆ ಬಗ್ಗಿ ಜಗ್ಗು ಎಳೆದ. ಕರ್ಚೀಫು ಜೇಬಿನಲ್ಲೇ ಇತ್ತು, ತೆಗೆಯಲು ನೆನಪಾಗಲಿಲ್ಲ. ಪೇಪರು ಸರಿಸಿ, ಮೂರು ದಿನದಲ್ಲಿ ಮೊದಲ ಸಲ ಎರಡೂ ಕಣ್ಣು ತೆರೆದು ಒಳಗೆ ನೋಡಿದ. ತಿಳಿ ಹಳದಿ. ಆರೋಗ್ಯವಂತ, ಹೊಳೆಯುವ, ಯಾವ ಡಾಕ್ಟರನ್ನಾದರೂ ಸಂತೋಷಪಡಿಸುವ ಹಳದಿ. ಸೋಮವಾರದ ಆ ಕುದಿಸಿದ ಚಹಾಕ್ಕೂ ಇದಕ್ಕೂ ನಂಟೇ ಇರಲಿಲ್ಲ.

“ಆಯಿ, ಇದು ಯಾರದು?”

ಫಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಖರೆ ಹೇಳು. ಇದು ಸಿದ್ರಾಯಂದ ಅಲ್ಲ.”

“ಅವಂದೂ ಐತಿ ತಳದಾಗ,” ಎಂದಳು ಮುದುಕಿ. “ಒಂದ ಚಮಚೆ ಐತಿ. ಮ್ಯಾಲಿಂದ ನಂದ.”

ಫಕೀರವ್ವ ಒಮ್ಮೆ ಶುರುಮಾಡಿದವಳು ನಿಲ್ಲಿಸಲಿಲ್ಲ.

“ಕುರಿ ತೂಗೂ ದಿನಾ ನಾವೇನ ಮಾಡತೇವ ಹೇಳಲ್ಯಾ? ನಸುಕಿನ್ಯಾಗ ಉಪ್ಪ ನೆಕ್ಕಸತೇವಿ, ಹೊಟ್ಟಿ ತುಂಬ ನೀರ ಕುಡಸತೇವಿ. ಕಾಟಾದ ಮುಳ್ಳ ಮುಂದ ಬಂದ್ರ ವ್ಯಾಪಾರಿ ಮಾತಾಡೂದಿಲ್ಲ. ಕುರಿ ಹೊಟ್ಟ್ಯಾಗ ಏನೈತಿ ಅಂವಾ ನೋಡತಾನೇನ? ನೀನೂ ಹಂಗ ಗೆರಿ ಎಳದಿ. ಗೆರಿ ಮುಟ್ಟಿದ್ರ ಸಾಕಂದಿ. ಮುಟ್ಟಲಿಲ್ಲಂದ್ರ ಬೆಳಗಾವಿ ಅಂತ ಒದರಿದಿ, ಮಂದಿ ನಕ್ಕರ. ಇವರಪ್ಪನ್ನ ಕಳಿಸಿ ಬಂದೇನಿ ಯಪ್ಪಾ ನಾ ಬೆಳಗಾವಿಗೆ. ಮಗನ್ನ ಕಳಸೂದಿಲ್ಲಂತ ಅಂದಕೊಂಡೆ. ನೀರ ಕುಡದ ಕುಡದ ನನ್ನ ಹೊಟ್ಟಿ ಉಬ್ಬೇತಿ ನೋಡು.”

ಜಗ್ಗಿನ ಮೇಲೆ ತಾನೇ ಎಳೆದ ಕೆಂಪು ಗೆರೆ ಸದಾಶಿವನನ್ನು ನೋಡುತ್ತಿತ್ತು. ಅದನ್ನು ಉಗುರಿನಿಂದ ಕೆರೆದ. ಹೋಗಲಿಲ್ಲ. ಅಳಿಸಲಾಗದ ಮಾರ್ಕರ್ ಎಂದೇ ಅಂಗಡಿಯವನು ಕೊಟ್ಟಿದ್ದ.

ಈ ಸಲ ನಳಿಗೆ ಹಾಕುವಾಗ ಸಿದ್ರಾಯ ಮಾನ ಮುಚ್ಚಿಕೊಳ್ಳಲಿಲ್ಲ, ಅದಕ್ಕೆ ಬೇಕಾದ ಎಚ್ಚರವೂ ಅವನಿಗಿರಲಿಲ್ಲ. ಹಾಕಿದವನು ಸದಾಶಿವನೇ. ಚೀಲದೊಳಗೆ ಇಳಿದದ್ದು ಮೂವತ್ತು ಎಮ್ಮೆಲ್, ಕಾಕಂಬಿಯಂತೆ ಕಪ್ಪು, ಕಾಕಂಬಿಯಂತೆಯೇ ನಿಧಾನ. ಅವನು ಮಂಡಿಯೂರಿ, ಮುಖವನ್ನು ಚೀಲದ ಹತ್ತಿರ ತಂದು, ಅಂಕಿ ಓದಿದ. ಚಾರ್ಟಿನಲ್ಲಿ ಬರೆದ. ಹಿಂದಿನ ಎಲ್ಲ ನಾಲ್ಕು ನೂರುಗಳ ಮೇಲೆ ಒಂದು ಅಡ್ಡಗೆರೆ ಎಳೆದು, ‘ನಾನು ನೋಡಿಲ್ಲ’ ಎಂದು ಬರೆದು ಸಹಿ ಮಾಡಿದ. ಗುಲ್ನಾಜ ಓದಿದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

“ಗಾಡಿ ಕರಸೀನಿ. ನೀವ ಜೋಡಿ ಹೋಗ್ರಿ,” ಎಂದಷ್ಟೇ ಹೇಳಿದರು.

ಬೆಳಗಾವಿಯ ಹೆಸರು ಕೇಳಿ ಫಕೀರವ್ವ ಮಂಚದ ಕಾಲು ಹಿಡಿದು ಕುಳಿತಳು. ಯಾರು ಎಬ್ಬಿಸಿದರೂ ಏಳಳು. ಸದಾಶಿವ ಅವಳ ಎದುರು ನೆಲದ ಮೇಲೆ ಕುಳಿತ.

“ಆಯಿ, ನಿನ್ನ ಗಂಡನ್ನ ಎಷ್ಟ ದಿನಾ ತಡಾ ಮಾಡಿ ಒಯ್ದಿದ್ರಿ?”

“ಹದಿನೈದ ದಿನಾ ದೇವರ, ದಿಂಡರ ಅಂತ ತಿರಗಿದ್ವಿ.”

“ನಾ ಮೂರ ದಿನಾ ತಡಾ ಮಾಡೀನಿ. ಹನ್ನೆರಡ ದಿನಾ ಇನ್ನ ನಿನ್ನ ಕೈಯಾಗ ಅದಾವ. ಏಳ್ತಿಯೋ, ಅವನ್ನೂ ಇಲ್ಲೇ ಕುಂತ ಕಳೀತಿಯೋ?”

ಮುದುಕಿ ಎದ್ದಳು.

ಗಾಡಿ ಹುಕ್ಕೇರಿಯ ಫಲಕ ದಾಟಿ ಹೈವೇ ಹಿಡಿಯುವಾಗ ಸಿದ್ರಾಯ ವಾಂತಿ ಮಾಡಿದ. ಯಾರ ಕೈಗೂ ದಾಟಿಸಲು ಅಲ್ಲಿ ಯಾರೂ ಇರಲಿಲ್ಲ. ಅರ್ಧ ಟ್ರೇಗೆ ಬಿತ್ತು, ಅರ್ಧ ಸದಾಶಿವನ ಬಿಳಿ ಅಂಗಿಗೆ. ಹುಳಿ, ಕಹಿ, ಅದರ ಜೊತೆಗೆ ಆ ಬುಧವಾರದ ಕಮಟು. ಆ ವಾಸನೆ ಜಗ್ಗಿನದಾಗಿರಲಿಲ್ಲ ಎಂದು ಈಗ ಗೊತ್ತಾಯಿತು. ಅದು ಸಿದ್ರಾಯನ ಉಸಿರಿನಿಂದಲೇ ಬರುತ್ತಿತ್ತು. ಹೊರಗೆ ಹೋಗಬೇಕಾದ ಹೊಲಸು ಹಾದಿ ಸಿಗದೆ ಬಾಯಿಗೆ ಬಂದಿತ್ತು. ಒಂದು ಮಾರು ಹತ್ತಿರ ನಿಂತು ಮೂಸಿದ್ದರೆ ಬುಧವಾರವೇ ತಿಳಿಯುತ್ತಿತ್ತು.

“ಛೀ,” ಎಂದ. “ಛೀ, ಛೀ, ಛೀ.”

ಫಕೀರವ್ವ ಸೆರಗಿನಿಂದ ಮಗನ ಬಾಯಿ ಒರೆಸಿ, ಅದೇ ಸೆರಗಿನ ಇನ್ನೊಂದು ತುದಿಯಿಂದ ಇವನ ಅಂಗಿಯನ್ನೂ ಒರೆಸಿದಳು. “ಅನ್ನು ತಮ್ಮಾ. ನಾರೂದಕ್ಕ ಛೀ ಅನ್ನದ ಏನ ಅಂತಾರ? ಕಣ್ಣ ತಗದಕೊಂಡ ಅನ್ನು, ಅಷ್ಟ. ನಂದ ನನಗೂ ಹೇಸಿಗಿ ಬಂದೇತಿ ಇವತ್ತ.”

ಅವನು ಸಿದ್ರಾಯನ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡ. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಬ್ಯಾ ಎಂದ, ಎದೆಯಿಂದ ತರಲು ನೋಡಿದ. ಸಿದ್ರಾಯನ ರೆಪ್ಪೆ ಕೂಡ ಅಲುಗಲಿಲ್ಲ. ಗಾಡಿ ಕೂಗುತ್ತಲೇ ಹೋಯಿತು.

ಎಂಟು ದಿನ ಬೆಳಗಾವಿಯಿಂದ ಸುದ್ದಿ ಚೂರು ಚೂರಾಗಿ ಬಂತು. ಡಯಾಲಿಸಿಸ್ ಮಷಿನ್ ಹಚ್ಚಿದರು. ಮತ್ತೆ ಹಚ್ಚಿದರು. ಸಿದ್ರಾಯ ಮಾತಾಡಿದ. ಆದರೆ ಉಚ್ಚೆ ಇಲ್ಲ. ಸದಾಶಿವ ವಾರ್ಡಿನಲ್ಲಿ ಯಾರ ದನಿಯನ್ನೂ ತೆಗೆಯಲಿಲ್ಲ. ಎಲ್ಲ ರೋಗಿಗಳ ಡಬ್ಬಿಗಳನ್ನೂ ತಾನೇ ಎತ್ತಿ, ಬೆಳಕಿಗೆ ಹಿಡಿದು, ಅಂಕಿಯ ಮುಂದೆ ಬಣ್ಣವನ್ನೂ ಬರೆದ. ಪ್ರತಿ ಸಲವೂ ಓಕರಿಕೆ ಬಂತು. ಒಂದೆರಡು ಸಲ ಹೊರಗೂ ಬಂತು. ಹೇಸಿಗೆ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಗೋಕಾಕದ ಖಾನಾವಳಿಯಲ್ಲಿ ಊಟಕ್ಕೆ ಕುಳಿತಿದ್ದ. ತಟ್ಟೆಯ ತುಂಬ ರೊಟ್ಟಿ, ಬದನೆಕಾಯಿ, ಕಡಲೆಹಿಟ್ಟಿನ ಹಳದಿ ಝುಣಕ. ಮೊದಲ ತುತ್ತು ಮುರಿದಿದ್ದ, ಫೋನು ಹೊಡೆದುಕೊಂಡಿತು. ವಿಡಿಯೋ ಕಾಲ್. ಫಕೀರವ್ವನ ಅರ್ಧ ಹಣೆ, ಒಂದು ಕಣ್ಣು, ಆಮೇಲೆ ಆಸ್ಪತ್ರೆಯ ಛಾವಣಿ.

“ಬಂತೋ ತಮ್ಮಾ! ಬಂತು! ತಡಿ, ತೋರಸತೇನಿ.”

ಪರದೆಯ ತುಂಬ ಒಂದು ಡಬ್ಬಿ ಬಂದು ನಿಂತಿತು. ಒಳಗೆ ಏನೋ ಅಲುಗುತ್ತಿತ್ತು. ಸದಾಶಿವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

“ಮುನ್ನೂರೈವತ್ತ ಐತಂತ ನೋಡು, ಸಿಸ್ಟರ್ ಹೇಳ್ಯಾಳ.”

“ಅಂಕಿ ಬ್ಯಾಡ ಆಯಿ,” ಎಂದ. “ಖಿಡಕಿ ಕಡೆ ಹಿಡಿ. ಬೆಳಕಿಗೆ ಹಿಡಿ. ಬಣ್ಣಾ ನೋಡತೇನಿ.”

“ನೀ ನೋಡತೀಯಾ?”

“ನೋಡತೇನಿ. ಇನ್ನೊಂದ ಸ್ವಲ್ಪ ಹತ್ರ ತಾ. ಯಾರದಿದು?”

“ನಂದ ಅಲ್ಲೋ ಮಾರಾಯಾ!”

ಫೋನು ಅಲುಗಾಡಿತು. ಡಬ್ಬಿಯ ಹಿಂದಿನಿಂದ ಸಿದ್ರಾಯನ ಮುಖ ಬಂತು, ಕೆನ್ನೆ ಒಳಗೆ ಹೋಗಿ, ಗಡ್ಡ ಬೆಳೆದು. ಅವನು ಬಾಯಿ ತೆರೆದು, ಎದೆಯಾಳದಿಂದ, ಇಡೀ ಹಿಂಡು ತಲೆ ಎತ್ತುವಂತೆ, ಬ್ಯಾ ಎಂದ.

ಖಾನಾವಳಿಯ ಮಂದಿಯೆಲ್ಲ ತಿರುಗಿ ನೋಡಿದರು. ಪಕ್ಕದ ಟೇಬಲ್ಲಿನವನು ಪರದೆಯ ಮೇಲಿನ ಡಬ್ಬಿಯನ್ನು ಕಂಡು ತನ್ನ ತಟ್ಟೆ ಎತ್ತಿಕೊಂಡು ಎದ್ದುಹೋದ. ಬಡಿಸುವವನು ಬಂದು, “ಝುಣಕಾ ಇನ್ನೊಂದ ಸ್ವಲ್ಪ ಹಾಕಲೇನ್ರಿ?” ಎಂದು ಕೇಳಿದ.

ಸದಾಶಿವ ತಟ್ಟೆಯ ಮೇಲಿನ ಹಳದಿಯನ್ನು ನೋಡಿದ, ಪರದೆಯ ಮೇಲಿನ ಹಳದಿಯನ್ನು ನೋಡಿದ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, “ಛೀ,” ಎಂದ. ಆದರೆ ಫೋನನ್ನು ಕೆಳಗಿಡಲಿಲ್ಲ.